ಕೋಡಿಂಗ್ ಪಾಠ ಸಂಗೀತ ಶಾಲೆಗೂ ಬರಲಿ

1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು. ಆ ಪೆಟ್ಟಿಗೆಯ ಸ್ವರಗಳು ಕದಲುವುದಿಲ್ಲ ಎಂಬುದೇ ಮುಖ್ಯ ದೂರು. ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವಂತಿಲ್ಲ, ಮೀಂಡ್ ಇಲ್ಲ, ಗಮಕವಿಲ್ಲ. ಯುರೋಪಿನ ಶ್ರುತಿಯನ್ನು ಹೊತ್ತು ತಂದ ವಾದ್ಯ ನಮ್ಮವರ ಕಿವಿ ಕೆಡಿಸುತ್ತದೆ ಎಂಬ ವಾದವಿತ್ತು. ಹಾರ್ಮೋನಿಯಂ ಒಲ್ಲದವರ ಸಾಲಿನಲ್ಲಿ ರವೀಂದ್ರನಾಥ ಠಾಕೂರರೂ ಇದ್ದರು. ನಿಷೇಧ ಸಡಿಲಗೊಳ್ಳಲು 1971 ಬರಬೇಕಾಯಿತು. ರೇಡಿಯೊದವರು ಏನೇ ಅನ್ನಲಿ, ಉತ್ತರ ಕರ್ನಾಟಕದ ಬೈಠಕ್‌ಗಳಲ್ಲಿ ಪೇಟಿ ತನ್ನ ಜಾಗ ಬಿಟ್ಟುಕೊಡಲಿಲ್ಲ. ಕಂಪನಿ ನಾಟಕಗಳಲ್ಲಂತೂ ಕಾಲುಪೆಟ್ಟಿಗೆಯ ಮಾಸ್ತರರೇ ರಂಗದ ಅರ್ಧ ಜೀವ.

ಆ ಜಗಳ ಮುಗಿದ ಕತೆ ಎನಿಸಬಹುದು. ಮುಗಿದಿಲ್ಲ. 1983ರಲ್ಲಿ ಅದೇ ಪೆಟ್ಟಿಗೆ ಬೇರೆ ವೇಷದಲ್ಲಿ ಲೋಕದ ಸ್ಟುಡಿಯೊಗಳಿಗೆಲ್ಲ ನುಗ್ಗಿತು, ಈ ಸಲ ಬಾಗಿಲು ಮುಚ್ಚುವವರು ಇರಲಿಲ್ಲ. ಅದರ ಹೆಸರು ಮಿಡಿ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮುಂತಾದವರು ರೂಪಿಸಿದ ಈ ಏರ್ಪಾಡಿನಿಂದ ಒಂದು ಕಂಪನಿಯ ಕೀಬೋರ್ಡು ಇನ್ನೊಂದು ಕಂಪನಿಯ ಸಿಂಥಸೈಜರ್ ಜೊತೆ ಮಾತಾಡತೊಡಗಿತು. ದೊಡ್ಡ ಉಪಕಾರವೇ ಸರಿ. 2013ರಲ್ಲಿ ಇಬ್ಬರಿಗೂ ಟೆಕ್ನಿಕಲ್ ಗ್ರಾಮಿ ಸಂದದ್ದು ಅದಕ್ಕೇ.

ಆದರೆ ಮಿಡಿಯ ಕಣ್ಣಿಗೆ ಸಂಗೀತ ಕಾಣುವ ಬಗೆ ಬಹಳ ಕಿರಿದು. ಸೊನ್ನೆಯಿಂದ 127ರವರೆಗೆ 128 ಮನೆಗಳು, ಒಂದೊಂದಕ್ಕೂ ಒಂದು ಸಂಖ್ಯೆ. ಕೀ ಒತ್ತಿದರೆ ಸ್ವರ ಹುಟ್ಟಿತು, ಬಿಟ್ಟರೆ ಸತ್ತಿತು. ಸ್ವರವನ್ನು ಬಾಗಿಸಲು ಒಂದು ಚಕ್ರವೇನೋ ಇದೆ. ಅದನ್ನು ತಿರುಗಿಸಿದರೆ ಆ ಚಾನೆಲ್ಲಿನ ಸ್ವರಗಳೆಲ್ಲ ಒಟ್ಟಿಗೆ ಬಾಗುತ್ತವೆ. ತೋಡಿಯ ಗಾಂಧಾರವನ್ನು ಹಾಡಿ ಬಲ್ಲವರಿಗೆ ಈ ಏರ್ಪಾಡಿನ ಬಡತನ ಕೂಡಲೇ ಗೊತ್ತಾಗುತ್ತದೆ. ಆ ಗಾಂಧಾರ ಬದುಕಿರುವುದೇ ಓಲಾಟದಲ್ಲಿ, ಅದಕ್ಕೆ ಯಾವ ಸಂಖ್ಯೆ ಕೊಡುವುದು? 2018ರಲ್ಲಿ ಒಂದೊಂದು ಸ್ವರವನ್ನೂ ಬೇರೆಯಾಗಿ ಬಾಗಿಸಲು ಬಿಡುವ ಎಂಪಿಇ, 2020ರಲ್ಲಿ ಮಿಡಿ 2.0 ಬಂದು ಈ ಕೊರತೆಯನ್ನು ಒಂದಿಷ್ಟು ತುಂಬಿವೆ. ಆದರೂ ಮಕ್ಕಳ ಕೈಗೆ ಸಿಗುವ ಫೋನಿನ ಪಿಯಾನೊ ಆ್ಯಪ್‌ನಿಂದ ಹಿಡಿದು ಸಿನಿಮಾ ಸ್ಟುಡಿಯೊದ ಕೀಬೋರ್ಡಿನವರೆಗೆ ಬಹುಪಾಲು ಸಲಕರಣೆ ಇವತ್ತಿಗೂ ಹನ್ನೆರಡು ಮನೆಗಳ ಲೆಕ್ಕದಲ್ಲೇ ನಡೆದಿದೆ.

ಸಾಫ್ಟ್‌ವೇರ್ ಬರೆದವರು ಯಾವ ಸಂಗೀತ ಕೇಳುತ್ತ ಬೆಳೆದರೋ ಅದರ ಅಳತೆಯೇ ಸಾಫ್ಟ್‌ವೇರಿಗೂ ಬರುತ್ತದೆ. ಇದರಲ್ಲಿ ಯಾರ ಪಿತೂರಿಯೂ ಇಲ್ಲ. ಅಳತೆ ಬದಲಾಗಬೇಕಾದರೆ ಗಮಕ ಬಲ್ಲವರು ಕೋಡ್ ಬರೆಯಬೇಕು, ಇಲ್ಲವೇ ಕೋಡ್ ಬಲ್ಲವರು ಗಮಕ ಕಲಿಯಬೇಕು. ಎರಡನೆಯದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು, ಮೊದಲನೆಯದಕ್ಕೆ ಕೆಲವು ತಿಂಗಳು ಸಾಕು. ಹಾಗಾಗಿ ಕೋಡಿಂಗನ್ನು ಕಂಪ್ಯೂಟರ್ ಲ್ಯಾಬಿನಿಂದ ಆಚೆ ಕರೆದು ಸಂಗೀತದ ತರಗತಿಯಲ್ಲಿ ಕೂರಿಸುವುದೇ ಹತ್ತಿರದ ದಾರಿ.

ಇಲ್ಲಿ ಕೋಡಿಂಗ್ ಎಂದರೆ ಕೆಲಸ ಗಿಟ್ಟಿಸುವ ಕೋರ್ಸಲ್ಲ. ಚಿತ್ರ, ಸದ್ದು, ಚಲನೆಗಳನ್ನು ಆಡಿಸಲೆಂದೇ ಬೆಳೆದ ಬೇರೊಂದು ಪರಂಪರೆಯಿದೆ, ಅದನ್ನು ಕ್ರಿಯೇಟಿವ್ ಕೋಡಿಂಗ್ ಅನ್ನುತ್ತಾರೆ. 2001ರಲ್ಲಿ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಕೇಸಿ ರೀಸ್ ಮತ್ತು ಬೆನ್ ಫ್ರೈ ಶುರುಮಾಡಿದ ಪ್ರಾಸೆಸಿಂಗ್ ಕಲಾವಿದರಿಗೆಂದೇ ಹುಟ್ಟಿದ ಕೋಡಿಂಗ್ ಪರಿಸರ. ಅದನ್ನು ಲಾರೆನ್ ಮೆಕಾರ್ಥಿ ಬ್ರೌಸರಿಗೆ ತಂದರು, ಅದೇ ಪಿ5 ಜೆಎಸ್. ಪ್ಯಾರಿಸ್ಸಿನ ಇರ್ಕಾಮ್ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಮಿಲ್ಲರ್ ಪಕೆಟ್ ಬರೆದ ಮ್ಯಾಕ್ಸ್ ಎಂಬ ತಂತ್ರಾಂಶದಲ್ಲಿ ಡಬ್ಬಿಗಳನ್ನು ಗೆರೆಗಳಿಂದ ಜೋಡಿಸಿದರೆ ಸದ್ದು ಹೊರಡುತ್ತದೆ. 1957ರಲ್ಲಿ ಐಬಿಎಂ 704 ಯಂತ್ರದಿಂದ 17 ಸೆಕೆಂಡಿನ ಸಂಗೀತ ಹೊರಡಿಸಿದ ಬೆಲ್ ಲ್ಯಾಬ್ಸ್‌ನ ಮ್ಯಾಕ್ಸ್ ಮ್ಯಾಥ್ಯೂಸ್ ಅವರ ಗೌರವಕ್ಕೆ ಇಟ್ಟ ಹೆಸರದು. ಪಕೆಟ್ ಮುಂದೆ ಅದೇ ಮಾದರಿಯಲ್ಲಿ ಪ್ಯೂರ್ ಡೇಟಾ ಮಾಡಿ ಎಲ್ಲರಿಗೂ ಉಚಿತವಾಗಿ ಬಿಟ್ಟರು. ಕೇಂಬ್ರಿಜ್‌ನಲ್ಲಿ ಸ್ಯಾಮ್ ಆರನ್ 2012ರಲ್ಲಿ ಆರಂಭಿಸಿದ ಸೋನಿಕ್ ಪೈ ಶಾಲಾ ಮಕ್ಕಳನ್ನೇ ಗಮನದಲ್ಲಿಟ್ಟುಕೊಂಡದ್ದು. ಪ್ರಾಸೆಸಿಂಗ್, ಪಿ5, ಪ್ಯೂರ್ ಡೇಟಾ, ಸೋನಿಕ್ ಪೈ ನಾಲ್ಕಕ್ಕೂ ಬಿಡಿಗಾಸು ಕೊಡಬೇಕಿಲ್ಲ, ಹಳೆಯ ಲ್ಯಾಪ್‌ಟಾಪಿದ್ದರೆ ಆಯಿತು.

ಹೊಸಬರು ಬ್ರೌಸರಿನಲ್ಲಿ ಕಟ್ಟುವ ಮೊದಲ ವಾದ್ಯ ಹೀಗಿರುತ್ತದೆ: ಮೌಸನ್ನು ಕೆಳಗಿನಿಂದ ಮೇಲಕ್ಕೆ ಸರಿಸಿದರೆ ಸ್ವರ ಏರಬೇಕು. ಮಧ್ಯ ಷಡ್ಜ 240 ಹರ್ಟ್ಸ್ ಎಂದಿಟ್ಟುಕೊಂಡರೆ ಮಂದ್ರ ಷಡ್ಜ 120, ತಾರ ಷಡ್ಜ 480, ಅದರ ಮೇಲಿನದು 960. ಪರದೆಯ ತಳಕ್ಕೆ 120, ತುದಿಗೆ 960 ಎಂದು ಬರೆದು ನಡುವಿನದನ್ನು ಸಮವಾಗಿ ಹಂಚು ಎಂದರೆ ಕಂಪ್ಯೂಟರ್ ಮರುಮಾತಿಲ್ಲದೆ ಹಂಚುತ್ತದೆ. ನುಡಿಸಲು ಹೋದರೆ ಎಡವಟ್ಟು. ಮಂದ್ರ ಸ್ಥಾಯಿಗೆ ಪರದೆಯ ಏಳನೇ ಒಂದು ಭಾಗ ಮಾತ್ರ ಸಿಕ್ಕಿದೆ, ಮಧ್ಯಕ್ಕೆ ಏಳರಲ್ಲಿ ಎರಡು, ತಾರಕ್ಕೆ ಏಳರಲ್ಲಿ ನಾಲ್ಕು. ಕೆಳಗೆ ಕೈ ಅಲುಗಿದರೆ ಎರಡು ಸ್ವರ ಹಾರಿಹೋಗುತ್ತದೆ, ಮೇಲೆ ಎಷ್ಟು ಎಳೆದರೂ ಸ್ವರ ಮುಂದೆ ಸಾಗದು. ಕಿವಿ ಕೇಳುವುದು ಕೂಡುವ ಲೆಕ್ಕವನ್ನಲ್ಲ, ಗುಣಿಸುವ ಲೆಕ್ಕವನ್ನು ಎಂಬುದು ಆಗ ಹೊಳೆಯುತ್ತದೆ. ಒಂದು ಸಾಲು ತಿದ್ದಿ, ಪ್ರತಿ ಸ್ಥಾಯಿಗೂ ಆವರ್ತನ ಎರಡು ಪಟ್ಟಾಗಲಿ ಎಂದು ಬರೆದರೆ ಮೂರೂ ಸ್ಥಾಯಿಗಳಿಗೆ ಸಮಪಾಲು. ಲಾಗರಿದಮ್ ಪಾಠವನ್ನು ಇದಕ್ಕಿಂತ ಚೆನ್ನಾಗಿ ಗಣಿತದ ಪುಸ್ತಕ ಹೇಳಿಕೊಡಲಾರದು.

ಮುಂದಿನ ಹೆಜ್ಜೆಯಲ್ಲಿ ಶ್ರುತಿಯ ಪ್ರಶ್ನೆ ಎದುರಾಗುತ್ತದೆ. ಷಡ್ಜ 240 ಇದ್ದಾಗ ಅಂತರ ಗಾಂಧಾರ 5/4ರ ಲೆಕ್ಕದಲ್ಲಿ 300 ಹರ್ಟ್ಸ್. ಕೀಬೋರ್ಡಿನ ಹನ್ನೆರಡು ಸಮಪಾಲಿನ ಲೆಕ್ಕದಲ್ಲಿ ಅದೇ ಗಾಂಧಾರ ಸುಮಾರು 302.4. ಎರಡೂವರೆ ಹರ್ಟ್ಸ್ ಏನು ಮಹಾ ಅನ್ನಿಸಬಹುದು. ತಂಬೂರಿಯ ಜೊತೆ ಎರಡನ್ನೂ ಒಂದಾದ ಮೇಲೊಂದು ನುಡಿಸಿದರೆ ಉತ್ತರ ಕಿವಿಗೇ ಸಿಗುತ್ತದೆ. 240ರ ಐದನೆಯ ಉಪಸ್ವರ 1200, 300ರ ನಾಲ್ಕನೆಯದೂ 1200, ಎರಡೂ ಒಂದರಲ್ಲೊಂದು ಕರಗುತ್ತವೆ. ಕೀಬೋರ್ಡಿನ ಗಾಂಧಾರದ ನಾಲ್ಕನೆಯ ಉಪಸ್ವರ 1209ರ ಆಚೆ ಬಿದ್ದು, ಸೆಕೆಂಡಿಗೆ ಒಂಬತ್ತು ಹತ್ತು ಸಲ ನಡುಗುತ್ತದೆ. ಹಾರ್ಮೋನಿಯಂ ವಿರೋಧಿಗಳು ಬೈದದ್ದು ಈ ನಡುಕವನ್ನೂ ಸೇರಿಸಿಯೇ. ಸ್ವಂತ ಕೋಡಿನಲ್ಲಿ ಅದನ್ನು ಸರಿಪಡಿಸುವುದು ಒಂದು ಭಾಗಾಕಾರದ ಕೆಲಸ.

ಗಮಕದ ಮಾತೂ ಹಾಗೆಯೇ. ಸೋನಿಕ್ ಪೈ ಮೂಲದಲ್ಲಿ ಮಿಡಿ ಸಂಖ್ಯೆಗಳನ್ನೇ ಬಳಸುತ್ತದೆ, ‘ಪ್ಲೇ 60’ ಎಂದರೆ ಪಿಯಾನೊದ ನಡುಮನೆ. ಆದರೆ 60.5 ಎಂದು ಬರೆದರೂ ಅದು ಬೇಸರಿಸದೆ ಎರಡು ಮನೆಗಳ ನಡುವಿನ ಸ್ವರ ಕೊಡುತ್ತದೆ. ಸ್ವರವನ್ನು ಹೊರಡಿಸಿ, ಅದು ಇನ್ನೂ ಮೊಳಗುತ್ತಿರುವಾಗಲೇ ಇಷ್ಟು ಹೊತ್ತಿನಲ್ಲಿ ಅಲ್ಲಿಗೆ ಜಾರು ಎಂದೂ ಹೇಳಬಹುದು. ಎಲ್ಲಿಂದ ಎಲ್ಲಿಗೆ, ಎಷ್ಟು ವೇಗದಲ್ಲಿ, ತುದಿಯಲ್ಲಿ ಎಷ್ಟು ನಿಂತು ಹಿಂದಿರುಗಬೇಕು ಎಂಬುದನ್ನೆಲ್ಲ ಬರೆದೇ ತೀರಬೇಕು. ಗುರುಗಳು ಬಾಯಲ್ಲಿ ಹಾಡಿ ತೋರಿಸಿದ್ದನ್ನು ಶಿಷ್ಯ ಇಷ್ಟು ಬಿಡಿಸಿ ನೋಡುವ ಸಂದರ್ಭ ಮಾಮೂಲಿ ಪಾಠದಲ್ಲಿ ಬರುವುದು ಕಡಿಮೆ. ಬರೆದದ್ದು ಕೃತಕವಾಗಿ ಕೇಳಿಸಿದರೆ ಇನ್ನೂ ಒಳ್ಳೆಯದು, ಎಲ್ಲಿ ತಪ್ಪಿತೆಂದು ಹುಡುಕಲು ಮತ್ತೆ ಗುರುಗಳ ಮುಂದೆ ಕೂರಬೇಕಾಗುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಈ ಕ್ಷೇತ್ರದ ರೋಗವನ್ನೂ ಹೇಳಬೇಕು. ಹೊಸ ವಾದ್ಯಗಳ ಲೋಕದಲ್ಲಿ ಹುಟ್ಟುವವು ಸಾವಿರ, ನುಡಿಸಿಕೊಳ್ಳುವವು ಬೆರಳೆಣಿಕೆ. ಬಾಳೆಹಣ್ಣು ಮುಟ್ಟಿದರೆ ಸ್ವರ ಬರುವ ಮೇಕಿ ಮೇಕಿ 2012ರಲ್ಲಿ ಮಾರುಕಟ್ಟೆಗೆ ಬಂದು ಮಕ್ಕಳ ಮನ ಗೆದ್ದಿತು. ಶಾಲೆಯ ವಿಜ್ಞಾನ ಮೇಳಕ್ಕೆ ಅದು ಸೊಗಸು, ಆದರೆ ಬಾಳೆಹಣ್ಣಿನ ಮೇಲೆ ಯಾರೂ ಎರಡನೇ ವರ್ಷದ ಸಾಧನೆ ಮಾಡುವುದಿಲ್ಲ.

ವಾದ್ಯಕ್ಕೆ ಆಯಸ್ಸು ಕೊಡುವುದು ಅದನ್ನು ಪಳಗಿಸುವ ಕೈ. 1920ರ ಸುಮಾರಿಗೆ ರಷ್ಯಾದ ಲೆವ್ ಥೆರೆಮಿನ್ ಮುಟ್ಟದೆ ನುಡಿಸುವ ವಾದ್ಯ ಕಂಡುಹಿಡಿದ. ಒಂದು ಕೈ ಗಾಳಿಯಲ್ಲಿ ಸ್ವರ ಹಿಡಿಯುತ್ತದೆ, ಇನ್ನೊಂದು ಸದ್ದಿನ ಏರಿಳಿತ ನೋಡಿಕೊಳ್ಳುತ್ತದೆ. ಸರ್ಕಸ್ಸಿನ ಸೋಜಿಗವಾಗಿ ಉಳಿಯಬಹುದಾಗಿದ್ದ ಅದು ವಾದ್ಯವಾದದ್ದು ಕ್ಲಾರಾ ರಾಕ್‌ಮೋರ್ ಕೈಯಲ್ಲಿ. ಪಿಟೀಲು ಕಲಿತಿದ್ದ ಆಕೆ ಗಾಳಿಯಲ್ಲೇ ಬೆರಳಿನ ಸ್ಥಾನಗಳನ್ನು ರೂಢಿಸಿಕೊಂಡರು. ಇನ್ನಷ್ಟು ಸ್ಥಾಯಿ ಬೇಕು, ಇನ್ನಷ್ಟು ಚುರುಕು ಬೇಕು ಎಂದು ಕೇಳಿ ವಾದ್ಯವನ್ನೇ ತಿದ್ದಿಸಿದರು. ಆಮ್‌ಸ್ಟರ್‌ಡ್ಯಾಮಿನ ಮಿಷೆಲ್ ವೈಸ್‌ವಿಸ್ 1984ರಲ್ಲಿ ‘ದಿ ಹ್ಯಾಂಡ್ಸ್’ ಎಂಬ, ಎರಡೂ ಕೈಗೆ ತೊಡುವ ಸೆನ್ಸರ್ ವಾದ್ಯ ಕಟ್ಟಿದರು. ಅವರ ದೊಡ್ಡತನ ಇದ್ದದ್ದು ಬೇರೆಡೆ. ದಿನಕ್ಕೊಂದು ಸೆನ್ಸರ್ ಸೇರಿಸುವ ಆಸೆಯನ್ನು ಕಟ್ಟಿಹಾಕಿ, ವಾದ್ಯ ಇನ್ನು ಹೀಗೇ ಇರಲಿ ಎಂದು ನಿಲ್ಲಿಸಿ, ನುಡಿಸುವುದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದರು.

ಪ್ರಿನ್ಸ್‌ಟನ್‌ನ ಪೆರಿ ಕುಕ್ 2001ರಲ್ಲೇ ಈ ಬಗ್ಗೆ ಎಚ್ಚರಿಸಿದ್ದರು. ಕಂಪ್ಯೂಟರ್ ವಾದ್ಯವನ್ನು ಹೇಗೆ ಬೇಕಾದರೂ ಬದಲಿಸಬಹುದು ಎಂಬುದೇ ಅದಕ್ಕೆ ಶಾಪ, ವಾದ್ಯ ಕಟ್ಟುವ ಬದಲು ಒಂದು ಕೃತಿಯನ್ನು ಕಟ್ಟಲು ಹೊರಡಿ ಎಂಬುದು ಅವರ ಮಾತಿನ ಸಾರ. ವೀಣೆಗೆ ಇಪ್ಪತ್ತನಾಲ್ಕೇ ಮೆಟ್ಟಲು. ಅಷ್ಟರಲ್ಲೇ ಎಲ್ಲವೂ ಆಗಬೇಕು ಎಂಬ ಕಟ್ಟುಪಾಡಿನಿಂದಲೇ ಕೈಗೆ ಕಸುಬು ಬಂತು. ಕೋಡ್ ಕಲಿಸುವ ಮೇಷ್ಟ್ರುಗಳಿಗೆ ಈ ಮಾತು ಸುಲಭಕ್ಕೆ ರುಚಿಸುವುದಿಲ್ಲ, ಅವರಿಗೆ ಹೊಸ ಪ್ರಾಜೆಕ್ಟಿನ ಮೋಹ. ಸಂಗೀತದ ಮೇಷ್ಟ್ರುಗಳಿಗೆ ಬೇಗ ಅರ್ಥವಾಗುತ್ತದೆ. ಈ ಪಾಠ ಸಂಗೀತ ಶಾಲೆಯಲ್ಲೇ ನಡೆಯಬೇಕು ಎನ್ನಲು ಇದೂ ಒಂದು ಕಾರಣ.

ಇನ್ನೊಂದು ಕಾರಣ ಲಯ. ಬಡಿದ ಕ್ಷಣಕ್ಕೂ ಸದ್ದು ಕೇಳುವ ಕ್ಷಣಕ್ಕೂ ನಡುವಿನ ಅಂತರ ಹತ್ತು ಮಿಲಿಸೆಕೆಂಡ್ ದಾಟಬಾರದು ಎಂದು ಬರ್ಕ್ಲಿಯ ಡೇವಿಡ್ ವೆಸೆಲ್ ಮತ್ತು ಮ್ಯಾಥ್ಯೂ ರೈಟ್ 2002ರ ಲೇಖನದಲ್ಲಿ ಗೆರೆ ಎಳೆದರು. ಅಷ್ಟು ಹೊತ್ತಿನಲ್ಲಿ ಸದ್ದು ಗಾಳಿಯಲ್ಲಿ ಸಾಗುವುದು ಸುಮಾರು ಮೂರೂವರೆ ಮೀಟರ್, ಅಂದರೆ ವೇದಿಕೆಯ ಈ ಬದಿಯವರಿಗೂ ಆ ಬದಿಯವರಿಗೂ ಇರುವ ದೂರ. ಆ ಅಂತರ ಪ್ರತಿ ಪೆಟ್ಟಿಗೂ ಒಂದೇ ಇರಬೇಕು, ಒಂದು ಮಿಲಿಸೆಕೆಂಡಿಗಿಂತ ಹೆಚ್ಚು ಏರುಪೇರಾಗಬಾರದು ಎಂದೂ ಅವರು ಸೇರಿಸಿದರು. ಮಾಮೂಲಿ ಬ್ಲೂಟೂತ್ ಹೆಡ್‌ಫೋನಿನಲ್ಲಿ ತಡ ನೂರು ಮಿಲಿಸೆಕೆಂಡ್ ದಾಟುವುದು ಹೊಸತಲ್ಲ. ಸಾಫ್ಟ್‌ವೇರ್ ಎಂಜಿನಿಯರಿಗೆ ಅದು ಒಂದು ಅಂಕಿ. ಮೃದಂಗ ನುಡಿಸುವ ಹುಡುಗಿಗೆ ಅದು ಎರಡನೇ ಪೆಟ್ಟಿಗೇ ಅಸಹ್ಯ. ಯಾವ ತಡ ಸಹ್ಯ, ಯಾವುದು ಅಲ್ಲ ಎಂದು ತೀರ್ಮಾನಿಸಲು ಆಕೆಯೇ ತಕ್ಕವಳು.

ಇದೆಲ್ಲ ಹೊರದೇಶದವರ ಆಟ ಎನ್ನುವವರು ಅಹಮದಾಬಾದಿನ ಕತೆ ಕೇಳಬೇಕು. 1969ರಲ್ಲೇ ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ನೆರವಿನಿಂದ ಮೂಗ್ ಸಿಂಥಸೈಜರ್ ಇದ್ದ ಸ್ಟುಡಿಯೊ ತೆರೆಯಿತು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮುಂತಾದವರು ಅಲ್ಲಿ ಎಲೆಕ್ಟ್ರಾನಿಕ್ ಸಂಗೀತ ರಚಿಸಿದರು. ಕೆಲವೇ ವರ್ಷಗಳಲ್ಲಿ ಆ ಕೆಲಸ ನಿಂತಿತು. ಟೇಪುಗಳು ದಶಕಗಳ ಕಾಲ ಕಪಾಟಿನಲ್ಲಿದ್ದು, 2023ರಲ್ಲಿ ಆಲ್ಬಮ್ಮಾಗಿ ಹೊರಬಂದವು. 1980ರ ದಶಕದ ಆರಂಭದಲ್ಲಿ ಮುಂಬೈಯ ಸಿನಿಮಾ ವಾದಕ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಟಿಬಿ-303 ಎಂಬ ಪುಟ್ಟ ಬೇಸ್ ಯಂತ್ರವನ್ನೂ ಬಳಸಿ ಹತ್ತು ರಾಗ ನುಡಿಸಿದರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣ ಆ ಯಂತ್ರಕ್ಕಿತ್ತು, ರಾಗಕ್ಕೆ ಅದು ಒದಗಿಬಂತು. 2000ದ ದಶಕದ ಮೊದಲ ವರ್ಷಗಳಲ್ಲಿ ಅಜಯ್ ಕಪೂರ್ ಎಂಬ ಯುವಕ ಪೆರಿ ಕುಕ್ ಜೊತೆಗೂಡಿ, ಬೆರಳಿನ ಒತ್ತಡ ಅರಿಯುವ ಸೆನ್ಸರ್ ಹಾಕಿದ ಇ-ತಬಲಾ ಮಾಡಿದರು. ಆಮೇಲೆ ಬಂದ ಇ-ಸಿತಾರ್ ಎಡಗೈ ಯಾವ ಮೆಟ್ಟಲಿನ ಮೇಲಿದೆ, ಬಲಗೈ ಹೆಬ್ಬೆರಳು ಎಷ್ಟು ಒತ್ತಿದೆ ಎಂಬುದನ್ನು ಕಂಪ್ಯೂಟರಿಗೆ ತಿಳಿಸುತ್ತಿತ್ತು. ತಬಲಾ ಕಲಿತ ಕೈಯನ್ನು ಬಿಸಾಡದೆ ಆ ಪಳಗಿಕೆಯ ಮೇಲೇ ಹೊಸತನ್ನು ಕಟ್ಟಿದ್ದು ಇ-ತಬಲಾದ ಜಾಣ್ಮೆ.

ಕರ್ನಾಟಕದ ಮಣ್ಣಿಗೂ ಇದು ಹೊಸದಲ್ಲ. ಮೈಕು ಇಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೆ ಪಿಟೀಲು ಕೇಳುವುದಿಲ್ಲ ಎಂಬ ಕೊರಗಿಗೆ ತಿರುಮಕೂಡಲು ಚೌಡಯ್ಯನವರು ಕಂಡುಕೊಂಡ ಉಪಾಯ ಏಳು ತಂತಿ. ನಾಲ್ಕಕ್ಕೆ ಮೂರು ಸೇರಿಸಿ ನಾದದ ತೂಕ ಹೆಚ್ಚಿಸಿದರು. ಕದ್ರಿ ಗೋಪಾಲನಾಥರು ಗಮಕ ಹೊಮ್ಮಲೆಂದು ಸ್ಯಾಕ್ಸೊಫೋನನ್ನೇ ಮಾರ್ಪಡಿಸಿಕೊಂಡು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ ಏರಿದರು. ಸ್ವತಃ ಸಂಗೀತಗಾರರಾದ ಎಂಜಿನಿಯರ್ ಜಿ. ರಾಜ್‌ನಾರಾಯಣ್ ಅವರ ಎಲೆಕ್ಟ್ರಾನಿಕ್ ತಂಬೂರಿ ಬೆಂಗಳೂರಿನ ರಾಡೆಲ್ ಕಂಪನಿಯಿಂದ ಹೊರಟು ಮನೆಮನೆಯ ಸಂಗೀತ ಪಾಠಕ್ಕೆ ಜೊತೆಯಾಯಿತು. ಮೂವರೂ ತಾವು ನುಡಿಸುವ ಸಂಗೀತದ ಅಗತ್ಯ ಬಲ್ಲವರು. ವಾದ್ಯ ತಿದ್ದಿದರೆ ಸಂಪ್ರದಾಯ ಕೆಡುತ್ತದೆ ಎಂಬ ಆಕ್ಷೇಪಕ್ಕೆ ಇವರಿಗಿಂತ ಬೇರೆ ಉತ್ತರ ಬೇಡ.

ಎಐ ಬಂದಿರುವಾಗ ಕೋಡ್ ಕಲಿಯುವುದೇಕೆ ಎಂಬ ಪ್ರಶ್ನೆಯೂ ಈಗ ಏಳುತ್ತದೆ. ಮೇಲೆ ಹೇಳಿದ ಮೌಸ್ ವಾದ್ಯದ ಕೋಡನ್ನು ಎಐ ಅರೆಗಳಿಗೆಯಲ್ಲಿ ಬರೆದುಕೊಡುತ್ತದೆ, ನಿಜ. ಆದರೆ ಗಾಂಧಾರ 300 ಇರಲೋ 302.4 ಇರಲೋ, ಜಾರು ಎಷ್ಟು ನಿಧಾನ, ಕೈ ನಡುಗಿದಾಗ ಸ್ವರವೂ ನಡುಗಲೋ ಬೇಡವೋ ಎಂದು ಹೇಳಬೇಕಾದವರು ಕೇಳುವ ಕಿವಿಯುಳ್ಳವರು. ಬಂದ ಕೋಡಿನಲ್ಲಿ ಆ ನಿರ್ಧಾರ ಯಾವ ಸಾಲಿನಲ್ಲಿ ಅಡಗಿದೆ ಎಂದು ಓದಲು ಬಾರದಿದ್ದರೆ ಮತ್ತೆ ಇನ್ನೊಬ್ಬರ ಹನ್ನೆರಡು ಮನೆಗಳಲ್ಲೇ ವಾಸ. ಬರೆಯುವ ಶ್ರಮ ಇಳಿದಿರುವುದರಿಂದ ಸಂಗೀತ ವಿದ್ಯಾರ್ಥಿಗೆ ಈಗ ದಾರಿ ಸಲೀಸಾಗಿದೆ, ಅಷ್ಟೆ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ನೀತಿ ಆಯೋಗದ ಯೋಜನೆಯಡಿ ದೇಶದ ಹತ್ತು ಸಾವಿರ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಾಗಿವೆ, ಒಂದೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನ. ಅಲ್ಲಿನ ಪೆಟ್ಟಿಗೆಗಳಲ್ಲಿ ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್‌ಗಳಿವೆ, ದೂರ ಅಳೆಯುವ ಸೆನ್ಸರ್‌ಗಳಿವೆ. ಅವುಗಳಿಂದ ಮಕ್ಕಳು ಮಾಡುವುದು ಹೆಚ್ಚಾಗಿ ಅಡ್ಡ ಬಂದರೆ ನಿಲ್ಲುವ ಆಟದ ಕಾರು. ಅದೇ ಸೆನ್ಸರ್ ಮುಂದೆ ಅಂಗೈ ಆಡಿಸಿದರೆ ಸ್ವರ ಏರಿಳಿಸುವ ವಾದ್ಯವೂ ಆಗುತ್ತದೆ. ಮಾಮೂಲಿ ಆರ್ಡುಯಿನೊದಲ್ಲಿ ಒಂದು ನಾಬ್ ತಿರುಗಿಸಿದರೆ 1024 ಹಂತ ಸಿಗುತ್ತದೆ. ಮೂರು ಸ್ಥಾಯಿಗೆ ಹಂಚಿದರೆ ಪಿಯಾನೊದ ಅಕ್ಕಪಕ್ಕದ ಎರಡು ಮನೆಗಳ ನಡುವೆ ಸುಮಾರು 28 ನಿಲ್ದಾಣ, ಗಮಕ ಕಲಿಯಲು ಧಾರಾಳ. ಸಂಗೀತ ಮೇಷ್ಟ್ರು ವಾರಕ್ಕೆರಡು ದಿನ ಲ್ಯಾಬಿಗೆ ಬರುವಂತೆ ವೇಳಾಪಟ್ಟಿ ಹೊಂದಿಸಿದರೆ ಸಾಕು.

ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯದಂಥ ಕಡೆ, ಸಂಗೀತ ಪದವಿ ಕೊಡುವ ಇತರ ಕಾಲೇಜುಗಳಲ್ಲಿ ಇದು ಒಂದು ಸೆಮಿಸ್ಟರಿನ ಐಚ್ಛಿಕ ವಿಷಯವಾಗಲಿ. ಮೊದಲ ಆರು ವಾರ ಕೋಡು ಮತ್ತು ಸೆನ್ಸರ್. ಏಳನೇ ವಾರಕ್ಕೆ ವಾದ್ಯದ ರೂಪ ಗಟ್ಟಿಯಾಗಬೇಕು, ಆಮೇಲೆ ಒಂದು ಸಾಲೂ ಬದಲಿಸುವಂತಿಲ್ಲ, ಉಳಿದ ವಾರಗಳೆಲ್ಲ ಅಭ್ಯಾಸಕ್ಕೆ. ಪರೀಕ್ಷೆಯಲ್ಲಿ ಕೋಡಿನ ಹಾಳೆಗೆ ಅಂಕ ಬೇಡ. ವಿದ್ಯಾರ್ಥಿ ತಾನೇ ಕಟ್ಟಿದ ವಾದ್ಯದಲ್ಲಿ ತಂಬೂರಿಯ ಜೊತೆ ಹತ್ತು ನಿಮಿಷ ಮೋಹನವನ್ನೋ ಭೂಪಾಲಿಯನ್ನೋ ನುಡಿಸಲಿ. ಎದುರಿಗೆ ಒಬ್ಬರು ಎಲೆಕ್ಟ್ರಾನಿಕ್ಸ್ ಮೇಷ್ಟ್ರು, ಒಬ್ಬರು ಸಂಗೀತದ ಮೇಷ್ಟ್ರು ಕೂತಿರಲಿ, ಇಬ್ಬರಿಗೂ ಒಮ್ಮತವಾಗದಿದ್ದರೆ ಸಂಗೀತದವರು ಕೊಟ್ಟ ಅಂಕವೇ ಉಳಿಯಲಿ.